ಕಾಶೆವ್ವ ಕೋರ್ಟಿನ ಅಂಗಳದಲ್ಲಿ ಕಂಬಳಿ ಬೀಸಿದ್ದು

ಕಾಶೆವ್ವನ ಮುತ್ತಜ್ಜ ಬೀರಸಿದ್ದಪ್ಪ. ಪ್ಲೇಗಿನ ವರ್ಷ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ, ಹನ್ನೆರಡು ಮನೆಗಳ ಕುರಿಗಳನ್ನು ಒಬ್ಬನೇ ಗುಡ್ಡಕ್ಕೆ ಹೊಡೆದುಕೊಂಡು ಹೋಗಿ, ಎಂಟು ತಿಂಗಳು ಕಾಯ್ದು, ಯಾರ ಕುರಿ ಯಾರದು ಎಂಬುದರಲ್ಲಿ ಒಂದೂ ತಪ್ಪದೆ ತಿರುಗಿ ಒಪ್ಪಿಸಿದವನು. ಮೂರು ಮನೆಗಳಲ್ಲಿ ಕುರಿ ತೆಗೆದುಕೊಳ್ಳಲು ಜನವೇ ಉಳಿದಿರಲಿಲ್ಲ. ಆ ಮನೆಗಳ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳನ್ನು ಹುಡುಕಿಕೊಂಡು ಹೋಗಿ ಅವರ ಕೈಗೆ ಕುರಿ ಮುಟ್ಟಿಸಿ ಬಂದ. ಅವನ ಮಗ ಭರಮಪ್ಪ, ಹಿಡಕಲ್ಲಿನ ಅಣೆಕಟ್ಟಿನ ನೀರು ಏರಿ ಹಳೆಯ ಊರು ಮುಳುಗಿದಾಗ ಎಲ್ಲರಿಗಿಂತ ಕೊನೆಗೆ ಹೊರಬಿದ್ದವನು. ಒಂದು ಹೆಗಲ ಮೇಲೆ ಅಂದೇ ಹುಟ್ಟಿದ ಮರಿ, ಇನ್ನೊಂದು ಹೆಗಲ ಮೇಲೆ ಮನೆಯ ಹೊಸ್ತಿಲು. ಭರಮಪ್ಪನ ಹೆಂಡತಿ ಶೆಟ್ಟೆವ್ವ ನೂತ ನೂಲಿನ ಕಂಬಳಿಯಲ್ಲಿ ನೀರು ಇಳಿಯುತ್ತಿರಲಿಲ್ಲ. ಒಮ್ಮೆ ಹೊಳೆಯ ದಂಡೆಯಲ್ಲಿ ಕೊಡ ಒಡೆದು, ಕಂಬಳಿಯ ನಾಲ್ಕು ಮೂಲೆ ಹಿಡಿದು ಅದರಲ್ಲೇ ನೀರು ಹೊತ್ತು ತಂದಳೆಂದು ಜನ ಹೇಳುತ್ತಾರೆ. ನಾನು ಕಂಡಿಲ್ಲ. ಆದರೆ ಅವಳ ನೂಲಿನ ಕಂಬಳಿ ಹೊದ್ದು ಒಂದು ಮಳೆಗಾಲ ಕಳೆದಿದ್ದೇನೆ, ಆದ್ದರಿಂದ ನಂಬುತ್ತೇನೆ.

ಇಂಥ ಮನೆತನದ ಮೊಮ್ಮಗಳು ಕಾಶೆವ್ವ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನ ಹಿನ್ನೀರಿನ ಬಾಜೂ ಹೊಸದಾಗಿ ಕಟ್ಟಿಕೊಂಡ ಹಟ್ಟಿಯಲ್ಲಿ ಹುಟ್ಟಿದಳು. ಮೂರು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋದವು. ಕಿವಿಯ ಬೆನ್ನು ಹತ್ತಿ ಮಾತೂ ಹೋಯಿತು.

ಬೇರೆ ಮನೆಯಲ್ಲಾಗಿದ್ದರೆ ಆ ಕೂಸು ಮೂಲೆ ಸೇರುತ್ತಿತ್ತು. ಕುರುಬರ ಮನೆಯಲ್ಲಿ ಹಾಗಾಗಲಿಲ್ಲ. ಈ ಗುಡ್ಡದ ಮೇಲೆ ಒಂದು ಹಿಂಡು, ಆ ಗುಡ್ಡದ ಮೇಲೆ ಒಂದು ಹಿಂಡು ಇದ್ದಾಗ ಕಾಯುವವರು ಒದರಿದರೆ ಗಾಳಿ ಮಾತನ್ನು ಹಾರಿಸಿಕೊಂಡು ಹೋಗುತ್ತದೆ. ಅದಕ್ಕೆ ಹಿಂದಿನವರು ಕೈ, ಕೋಲು, ಕಂಬಳಿ ಮೂರನ್ನೂ ಕೂಡಿಸಿ ಒಂದು ಮಾತು ಮಾಡಿಟ್ಟಿದ್ದಾರೆ. ಕಂಬಳಿ ಎಡ ಹೆಗಲಿಗೆ ಹಾಕಿ ಕೋಲು ಮೇಲೆತ್ತಿದರೆ ಎಲ್ಲ ಕ್ಷೇಮ. ಎರಡೂ ತೋಳು ಚಾಚಿ ಕೆಳಗಿಳಿಸಿದರೆ ಮುಂದೆ ನೀರಿದೆ. ಕಂಬಳಿಯನ್ನು ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ನೆಲಕ್ಕೆ ಬಿಟ್ಟರೆ ಹಿಂಡಿನಲ್ಲಿ ತೋಳ ಹೊಕ್ಕಿದೆ, ಬಿಟ್ಟದ್ದು ಬಿಟ್ಟು ಓಡಿ ಬಾ. ಇಂಥವು ನೂರಾರು. ಅಜ್ಜ ಭರಮಪ್ಪ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ತಿರುಗಿಸಿದ. ಏಳು ವರ್ಷಕ್ಕೆ ಅವಳು ಆ ಮಾತಿನಲ್ಲಿ ಅಜ್ಜನ ಜೊತೆಗೇ ಜಗಳವಾಡುತ್ತಿದ್ದಳು. ಇದ್ದ ಸನ್ನೆ ಸಾಲದಾದಾಗ ತಾನೇ ಹೊಸದು ಕಟ್ಟುತ್ತಿದ್ದಳು. ಅವಳು ಕಟ್ಟಿದ ಸನ್ನೆಗಳು ಸಂತೆಯಿಂದ ಸಂತೆಗೆ ಹೋಗಿ, ಅವಳನ್ನು ಕಂಡರಿಯದ ಕುರುಬರ ಕೈಯಲ್ಲಿ ಆಡತೊಡಗಿದವು. ನಾಲ್ಕನೇ ಇಯತ್ತೆ ಓದಿ ಗೋಕಾಕದ ಕೋರ್ಟಿನ ಮುಂದೆ ಅರ್ಜಿ ಬರೆಯುತ್ತ ಕೂತ ನನ್ನಂಥವನಿಗೆ ಇದು ಕಡಿಮೆ ವಿದ್ಯೆಯಾಗಿ ಕಾಣುವುದಿಲ್ಲ.

ತೊಂಬತ್ತಮೂರರಲ್ಲಿ ಅವಳ ಲಗ್ನವಾಯಿತು. ಗಂಡು ಕೊಣ್ಣೂರಿನ ಆಚೆಯ ಹಳ್ಳಿಯ ಖಂಡೆಪ್ಪ. ಜಾತಿಯಲ್ಲಿ ಕುರುಬನೇ, ಆದರೆ ಅವನ ಅಪ್ಪನ ಕಾಲಕ್ಕೇ ಕುರಿ ಮಾರಿ ಕಬ್ಬು ಹಚ್ಚಿದ ಮನೆ. ಕಾಶೆವ್ವನ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರಿಂದ ಅಣ್ಣ ಲಗಮಣ್ಣ ಮುಂದೆ ನಿಂತು ಲಗ್ನ ಮಾಡಿದ. ಪದ್ಧತಿಯಂತೆ ಕಿವಿಗೆ ತವರಿನ ಗುರುತು ಹಾಕಿದ ಹನ್ನೊಂದು ಕುರಿಗಳನ್ನು ಅವಳ ಜೊತೆ ಕಳಿಸಿದ. ಗಂಡನ ಮನೆಯವರು ಬಲ್ಲ ಮಾತು ಇವಳಿಗಿಲ್ಲ, ಇವಳು ಬಲ್ಲ ಮಾತನ್ನು ಅವರು ಮರೆತು ಕೂತಿದ್ದಾರೆ ಎಂಬುದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಕುರುಬರ ಮನೆಯಲ್ಲಿ ಗುಡ್ಡದ ಮಾತು ಮರೆತಾರೆಂದು ಯಾರು ಎಣಿಸುತ್ತಾರೆ?

ಮೊದಲ ಎರಡು ವರ್ಷ ನಡೆಯಿತು. ಅವಳು ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಅತ್ತೆಗೆ ಅದು ರೂಢಿಯಾಯಿತು. ಆಮೇಲೆ ಅವಳನ್ನು ಕೇಳದೆ ತವರಿನ ಕುರಿ ಮಾರುವುದು ಶುರುವಾಯಿತು. ಕಾಶೆವ್ವ ಅಡ್ಡ ನಿಂತಳು. ಏಟು ಬಿದ್ದವು. ಅವಳು ಬಾಜೂ ಮನೆಯವರ ಮುಂದೆ ಹೋಗಿ ಮೈಮೇಲಿನ ಬಾಸುಂಡೆ ತೋರಿಸಿ, ಹೊಡೆದದ್ದು ಯಾರು, ಎಲ್ಲಿ ಹೊಡೆದರು ಎಂಬುದನ್ನು ಕೈಯಲ್ಲಿ ಆಡಿ ಹೇಳಿದಳು. ಹುಡುಗರಿಗೂ ತಿಳಿಯುವಂತೆ ಹೇಳುತ್ತಿದ್ದಳು. ಆಗ ಆ ಮನೆಯವರು ಕಂಡುಕೊಂಡ ಉಪಾಯವೆಂದರೆ ಅವಳ ಕೈ ಕಟ್ಟುವುದು. ಯಾರಾದರೂ ಮನೆಗೆ ಬರುತ್ತಾರೆಂದರೆ ಕೈ ಬೆನ್ನ ಹಿಂದೆ ಕಟ್ಟಿ ಮೇವಿನ ಕೋಣೆಯಲ್ಲಿ ಹಾಕಿ ಅಗಳಿ ಜಡಿಯುತ್ತಿದ್ದರು. ಹೋದ ಮೇಲೆ ಬಿಚ್ಚಿ ಕೆಲಸಕ್ಕೆ ಹಚ್ಚುತ್ತಿದ್ದರು.

ಸುದ್ದಿ ಹೇಗೋ ಹಿಡಕಲ್ಲಿಗೆ ಮುಟ್ಟಿತು. ತೊಂಬತ್ತೇಳರ ಶ್ರಾವಣದಲ್ಲಿ ಲಗಮಣ್ಣ ನಾಲ್ಕು ಹಿರಿಯರನ್ನು ಕರೆದುಕೊಂಡು ಬಂದ. ಅವತ್ತು ಕೈ ಕಟ್ಟಿರಲಿಲ್ಲ. ಹಿರಿಯರಿಗೆ ನೀರು ಕೊಡಲು ಕಾಶೆವ್ವನನ್ನೇ ಕಳಿಸಿ, ಅವಳು ಅಣ್ಣನ ಕಡೆ ಮುಖ ಮಾಡುವಷ್ಟರಲ್ಲಿ ಒಳಗೆ ಕರೆದುಕೊಂಡರು. ಖಂಡೆಪ್ಪ ಅಂಗಳದಲ್ಲಿ ಮೊದಲೇ ಹಾಸಿಟ್ಟಿದ್ದ ಕರಿ ಕಂಬಳಿಯ ಮೇಲೆ ಭಂಡಾರದ ಅರಿಶಿನ ಚೆಲ್ಲಿ, ಮುಟ್ಟಿ ಆಣೆ ಮಾಡಿದ.

“ಈ ಕಂಬಳಿ ಆಣಿ. ನಾ ಆಕಿ ಮೈಮ್ಯಾಲ ಕೈ ಮಾಡಿಲ್ಲ. ಆಕಿಗೆ ತಲಿ ಸಮ ಇಲ್ಲ, ತಾನ ಬಿದ್ದು ಬಡಕೊಂತಾಳ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕುರುಬ ಕಂಬಳಿ ಮುಟ್ಟಿ ಸುಳ್ಳು ಹೇಳಿದ್ದನ್ನು ಅವರ ಕಾಲದಲ್ಲಿ ಯಾರೂ ಕಂಡಿರಲಿಲ್ಲ.

“ಮುಗೀತ ಬಿಡು ಲಗಮಣ್ಣ,” ಎಂದ ಹಿರಿಯನೊಬ್ಬ. “ಇದರ ಮ್ಯಾಲ ಕೇಳಿದ್ರ ನಮ್ಮ ಬಾಯಿಗೆ ಹುಳ ಬಿದ್ದಾವು.”

ಲಗಮಣ್ಣ ತಂಗಿಯ ಮುಖ ಸಹ ಸರಿಯಾಗಿ ನೋಡದೆ ತಿರುಗಿ ಹೋದ. ಆ ತಪ್ಪನ್ನು ಅವನು ಈಗಲೂ ಹೇಳಿಕೊಂಡು ಹಲ್ಲು ಕಡಿಯುತ್ತಾನೆ.

ಅಣ್ಣ ಹೋದ ಮೇಲೆ ಅವಳ ಕೈ ಬಿಚ್ಚಿದ ದಿನಗಳು ಕಡಿಮೆಯಾದವು. ಐದು ತಿಂಗಳು ಹೀಗೆ ಹೋಯಿತು. ಪುಷ್ಯ ಮಾಸದಲ್ಲಿ ಕಬ್ಬು ಕಡಿದ ಹೊಲಗಳಿಗೆ ಗೊಬ್ಬರಕ್ಕೆಂದು ಕುರಿ ಹಿಂಡುಗಳು ಬಂದು ಇಳಿದವು. ಕೋಣೆಯಲ್ಲಿದ್ದವಳಿಗೆ ಕುರಿ ಕೂಗಿದ್ದು ಕೇಳುವುದಿಲ್ಲ, ಗಾಳಿಯಲ್ಲಿ ವಾಸನೆ ಬಂತು. ಮಧ್ಯಾಹ್ನ ಅತ್ತೆ ಹೊಳೆಗೆ ಹೋದ ಹೊತ್ತು ನೋಡಿ, ಮುರಿದ ಬೀಸುಕಲ್ಲಿನ ಚೂಪು ಅಂಚಿಗೆ ಹಗ್ಗ ತಿಕ್ಕಿ ಹರಿದುಕೊಂಡಳು. ಮಣಿಕಟ್ಟಿನ ತೊಗಲೂ ಹರಿಯಿತು. ಮೇವಿನ ಬಣವೆ ಹತ್ತಿ ಬೆಳಕಿಂಡಿಯಿಂದ ಮಾಳಿಗೆ ಏರಿದಳು. ದೂರದ ಹೊಲದಲ್ಲಿ ಯಾರೋ ಒಬ್ಬ ಕುರುಬ ಕೋಲಿಗೆ ಗದ್ದ ಆನಿಸಿ ನಿಂತಿದ್ದ. ಮೇವಿನ ಮೇಲೆ ಬಿದ್ದಿದ್ದ ಹರಕು ಕಂಬಳಿಯನ್ನು ಇವಳು ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ಕೆಳಗೆ ಬಿಟ್ಟಳು.

ಊರ ನಡುವಿನ ಮಾಳಿಗೆಯ ಮೇಲೆ ತೋಳ ಎಲ್ಲಿಯದು ಎಂದು ಆ ಕುರುಬ ಕೇಳಲಿಲ್ಲ. ಯಾರ ಮಗಳು ಎಂದು ಕೈಯಲ್ಲಿ ಕೇಳಿದ. ಅವಳು ತವರಿನ ಕುರಿಗಳ ಕಿವಿ ಗುರುತು ತೋರಿಸಿದಳು: ಬಲಗಿವಿಯಲ್ಲಿ ಎರಡು ಕಚ್ಚು, ಎಡಗಿವಿಯ ತುದಿ ಇಲ್ಲ. ಅಷ್ಟು ಸಾಕಾಯಿತು. ಆ ಹಿಂಡಿನಿಂದ ಆಚೆಯ ಹಿಂಡಿಗೆ, ಅಲ್ಲಿಂದ ಮುಂದಿನ ಹಿಂಡಿಗೆ ಸುದ್ದಿ ನಡೆಯಿತು. ಮೂರನೆಯ ದಿನ ಲಗಮಣ್ಣ ಪೊಲೀಸರನ್ನು ಕರೆದುಕೊಂಡು ಬಂದು ಮೇವಿನ ಕೋಣೆಯ ಬಾಗಿಲು ತೆಗೆಸಿದ. ಅಷ್ಟರಲ್ಲಿ ಮತ್ತೆ ಅವಳ ಕೈ ಕಟ್ಟಿದ್ದರು. ಆ ಹಗ್ಗ ಇಂದಿಗೂ ಕೋರ್ಟಿನ ಕಾಗದಗಳಲ್ಲಿ ನಮೂದಾಗಿದೆ.

ಹೆಂಡತಿಯ ಮೇಲೆ ಕ್ರೌರ್ಯ, ಕೂಡಿ ಹಾಕಿದ್ದು, ಹೊಡೆದದ್ದು ಎಂದು ಗಂಡ, ಅತ್ತೆ ಇಬ್ಬರ ಮೇಲೂ ಗೋಕಾಕದಲ್ಲಿ ಕೇಸು ನಿಂತಿತು. ಖಂಡೆಪ್ಪ ಸುಮ್ಮನೆ ಕೂಡಲಿಲ್ಲ. “ನನ್ನ ಹೆಂಡತಿ ಬುದ್ಧಿ ಇಲ್ಲದವಳು, ಅಣ್ಣ ಕುರಿ ಆಸೆಗೆ ಇಟ್ಟುಕೊಂಡಿದ್ದಾನೆ, ನನ್ನ ಮನೆಗೆ ಕಳಿಸಬೇಕು” ಎಂದು ತಾನೂ ಒಂದು ಅರ್ಜಿ ಹಾಕಿದ. ಕಂಬಳಿಯ ಮೇಲೆ ಕೂತು ಉಂಡವನು ಊಟದಲ್ಲಿ ಕೂದಲು ಬಂತೆಂದು ದೂರಿದ ಹಾಗೆ. ಆದರೆ ಅವನ ಮಾತಿಗೆ ತೂಕ ಬಂತು. ಕಾಶೆವ್ವ ಹೇಳಿದ್ದನ್ನು ಕೋರ್ಟು ಅವಳ ಮಾತೆಂದು ಬರೆದುಕೊಳ್ಳದಿದ್ದರೆ ಕೇಸು ಬೀಳುತ್ತದೆ, ಬಿದ್ದರೆ ಅವಳು ಅದೇ ಕೋಣೆಗೆ ತಿರುಗಿ ಹೋಗಬೇಕಾದೀತು ಎಂಬ ಅಂಜಿಕೆ ಎಲ್ಲರಿಗೂ ಇತ್ತು.

ಸರಕಾರಿ ವಕೀಲ ಶ್ರೇಣಿಕ ಚೌಗಲೆ ಎಂಬವರು, ಜೈನರ ಮನೆತನದವರು, ಮೆಲ್ಲಗೆ ಮಾತಾಡುವ ಮನುಷ್ಯ. ಅವರು ನನ್ನ ಮೇಜಿನ ಬಾಜೂ ಬಂದು ಪುಸ್ತಕ ತೆಗೆದು ತೋರಿಸಿದರು.

“ನೋಡ್ರಿ ಕಾಕಾ, ಸಾಕ್ಷ್ಯದ ಕಾಯ್ದೆ, ನೂರಾ ಹತ್ತೊಂಬತ್ತನೇ ಕಲಮು. ಬಾಯಿ ಬಾರದ ಸಾಕ್ಷಿ ಬರದು ಹೇಳಬಹುದು, ಇಲ್ಲಾ ಸನ್ನಿ ಮಾಡಿ ಹೇಳಬಹುದು. ಎಲ್ಲಾರ ಕಣ್ಣ ಮುಂದ ಆಗಬೇಕು, ಅಷ್ಟ. ಅದು ಬಾಯಿಲೆ ಹೇಳಿದ್ದಕ್ಕ ಸಮ.”

“ಇದು ಹೊಸಾ ಕಾಯ್ದೆ ಏನ್ರಿ?”

“ಹೊಸಾದು ಬ್ಯಾರೆ ಐತಿ. ಅಂಗವಿಕಲರ ಹಕ್ಕಿನ ಕಾಯ್ದೆ ತೊಂಬತ್ತಾರರಿಂದ ಜಾರಿಗೆ ಬಂದೈತಿ, ಅದನ್ನೂ ಸಾಹೇಬರ ಮುಂದ ಇಡತೇನಿ. ಇದು ಮಾತ್ರ ಬ್ರಿಟಿಷರ ಕಾಲದ್ದು. ನೂರಾ ಇಪ್ಪತ್ತೈದು ವರ್ಷದಿಂದ ಪುಸ್ತಕದಾಗ ಮಲಗೇತಿ, ಎಬ್ಬಸವ್ರು ಬೇಕಲ್ಲ.”

ಎಬ್ಬಿಸುವುದು ಅಷ್ಟು ಹಗುರ ಇರಲಿಲ್ಲ. ಸನ್ನೆಯನ್ನು ಕೋರ್ಟಿಗೆ ತಿಳಿಸಿ ಹೇಳುವವರು ಬೇಕು. ಲಗಮಣ್ಣ ಹೇಳುತ್ತೇನೆಂದರೆ, ಅವನು ಅಣ್ಣ, ತನಗೆ ಬೇಕಾದಂತೆ ಹೇಳುತ್ತಾನೆ ಎಂದು ಎದುರಿನ ವಕೀಲ ಎದ್ದು ನಿಂತ. ಅದು ನ್ಯಾಯವೇ. ಕಿವುಡ ಮಕ್ಕಳಿಗೆ ಕಲಿಸುವ ಮಾಸ್ತರೊಬ್ಬರನ್ನು ಕರೆಸಿದರು. ಅವರು ಅರ್ಧ ತಾಸು ಅವಳ ಕೈ ನೋಡಿ, ಪ್ರಾಮಾಣಿಕವಾಗಿ ತಲೆ ಅಲ್ಲಾಡಿಸಿದರು.

“ಈ ತಾಯಿ ಮಾತಾಡಾಕತ್ತಾರ, ಅದರಾಗ ಸಂಶೆ ಇಲ್ರಿ. ಆದರ ಇದು ನಮ್ಮ ಸಾಲಿ ಮಾತಲ್ಲ. ನನಗ ತಿಳಿಯೂದಿಲ್ಲ.”

ಹಾಗಾದರೆ ಅವಳ ಬಂಧುವಲ್ಲದ, ಅವಳನ್ನು ಹಿಂದೆಂದೂ ಕಾಣದ, ಗುಡ್ಡದ ಮಾತು ಬಲ್ಲ ಒಬ್ಬ ಬೇಕು. ಚೌಗಲೆಯವರು ಮೂಡಲಗಿಯ ಕುರಿ ಸಂತೆಗೇ ಹೋಗಿ ಮಾಳಪ್ಪನನ್ನು ಹುಡುಕಿ ತಂದರು. ಅರವತ್ತು ದಾಟಿದ ಮುದುಕ, ಗಡ್ಡ ಅವನದೇ ಟಗರಿನ ಉಣ್ಣೆಯಂತಿತ್ತು. ಕೋರ್ಟಿನ ಮುಖ ನೋಡಿದ್ದು ಅದೇ ಮೊದಲು.

ತೊಂಬತ್ತೊಂಬತ್ತರ ಬೇಸಿಗೆಯ ಒಂದು ಮುಂಜಾನೆ ಕಾಶೆವ್ವ ಕಟಕಟೆ ಹತ್ತಿದಳು. ಪ್ರಮಾಣವಚನಕ್ಕೆ ಪುಸ್ತಕ ಮುಂದೆ ಹಿಡಿದರೆ ಅವಳು ಅದನ್ನು ಪಕ್ಕಕ್ಕೆ ಸರಿಸಿ, ಮಾಳಪ್ಪನ ಹೆಗಲ ಮೇಲಿನ ಕಂಬಳಿ ಕೇಳಿದಳು. ಜಡ್ಜ್ ಸಾಹೇಬರು ಮೈಸೂರು ಕಡೆಯವರು. ಮಾಳಪ್ಪ ಬಿಡಿಸಿ ಹೇಳಿದ ಮೇಲೆ, “ಆಯಿತು, ಅವರು ನಂಬಿದ್ದನ್ನೇ ಮುಟ್ಟಲಿ,” ಎಂದರು. ಅವಳು ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು ನೋಡಿ, ಆಮೇಲೆ ಹಣೆಗೆ ಒತ್ತಿಕೊಂಡಳು. ಮೂಸಿದ್ದು ಯಾಕೆಂದು ಆಗ ಯಾರಿಗೂ ತಿಳಿಯಲಿಲ್ಲ.

ಮುಂದೆ ಕೆಲಸ ಕೆಟ್ಟಿತು. ಕಟಕಟೆಯ ಕಟ್ಟಿಗೆಯ ನಡುವೆ ಅವಳ ತೋಳು ಆಡುತ್ತಿಲ್ಲ. ಎರಡು ಮಾರು ದೂರದಲ್ಲಿ ನಿಂತ ಮಾಳಪ್ಪ ಕಣ್ಣು ಕಿರಿದು ಮಾಡಿ ನೋಡುತ್ತಾನೆ, ತಲೆ ಕೆರೆಯುತ್ತಾನೆ. ಎದುರಿನ ವಕೀಲ ನಗುತ್ತಾನೆ. ಹಿಂದಿನ ಬಾಕಿನ ಮೇಲೆ ಕೂತ ಖಂಡೆಪ್ಪನ ಮುಖದಲ್ಲಿ ಬೆಳಕು ಬಂತು.

“ಸಾಹೇಬ್ರ, ಇದು ಹಿಂಗ ಆಗೂದಿಲ್ರಿ,” ಎಂದ ಮಾಳಪ್ಪ.

“ಯಾಕೆ? ತಿಳಿಯುತ್ತಿಲ್ಲವೆ?”

“ಇದು ಗುಡ್ಡದ ಮಾತ್ರಿ. ಇಷ್ಟ ಸಮೀಪ ನಿಂತು ಆಡಿದ್ರ ಕಿವ್ಯಾಗ ಬಾಯಿ ಇಟ್ಟು ಒದರಿದಂಗ ಆಗತೈತಿ. ಆಕಿ ಅಲ್ಲೆ ದೂರ ನಿಂದ್ರಬೇಕು, ನಾ ಇಲ್ಲೆ. ಆಕಿ ಕೈಯಾಗ ಕೋಲು ಬೇಕು, ಕಂಬಳಿ ಬೇಕು.”

“ಸ್ವಾಮಿ, ಇದು ಕೋರ್ಟೋ ಕುರಿ ಹಟ್ಟಿಯೋ?” ಎಂದ ಎದುರಿನ ವಕೀಲ.

“ಹಟ್ಟ್ಯಾಗ ಸುಳ್ಳು ನಡಿಯೂದಿಲ್ರಿ ವಕೀಲ್ರ,” ಎಂದ ಮಾಳಪ್ಪ. “ಕುರಿ ಎಣಿಸಿದ್ರ ಗೊತ್ತಾಗತೈತಿ.”

ಸಾಹೇಬರು ಇಬ್ಬರಿಗೂ ಬಾಯಿ ಮುಚ್ಚಲು ಹೇಳಿ, ಕಿಟಕಿಯಾಚೆ ನೋಡಿದರು. ಹೊರಗೆ ಬೇವಿನ ಮರದವರೆಗೆ ಉದ್ದನ್ನ ಅಂಗಳ.

“ಕುರ್ಚಿ ಹೊರಗೆ ಹಾಕಿ,” ಎಂದರು.

ವಕೀಲ ಮತ್ತೆ ಎದ್ದ. “ಸನ್ನೆ ತೆರೆದ ನ್ಯಾಯಾಲಯದಲ್ಲೇ ಆಗಬೇಕೆಂದು ಕಲಮಿನಲ್ಲಿದೆ ಸ್ವಾಮಿ. ಅಂಗಳ ನ್ಯಾಯಾಲಯ ಅಲ್ಲ.”

“ನಾನು ಕೂತಲ್ಲಿ ನ್ಯಾಯಾಲಯ. ಅಂಗಳಕ್ಕೆ ಬಾಗಿಲೂ ಇಲ್ಲ. ನಡೆಯಿರಿ.”

ಕುರ್ಚಿ ಬಂತು, ಮೇಜು ಬಂತು, ಟೈಪ್ ಮಾಡುವವನ ಯಂತ್ರವನ್ನು ಇಬ್ಬರು ಹೊತ್ತು ತಂದರು. ಕಾಗದ ಹಾರದಂತೆ ಕಲ್ಲು ಇಟ್ಟರು. ಬೇರೆ ಕೇಸುಗಳಿಗೆ ಬಂದ ಜನ, ಚಹಾ ಮಾರುವವರು, ನಾವು ಅರ್ಜಿ ಬರೆಯುವವರು, ಎಲ್ಲರೂ ಸುತ್ತ ನಿಂತೆವು. ಕಾಶೆವ್ವ ಬೇವಿನ ಮರದ ಹತ್ತಿರ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾಳಪ್ಪನ ಕಂಬಳಿ ಹೆಗಲಿಗೆ ಹಾಕಿ, ಕೋಲು ಹಿಡಿದು ನಿಂತಳು.

ಮಾಳಪ್ಪ ತನ್ನ ಮನಸ್ಸಿಗೆ ಬಂದದ್ದು ಹೇಳುತ್ತಾನೆಂದು ವಕೀಲ ಇನ್ನೊಂದು ತಕರಾರು ತೆಗೆದ. ಸಾಹೇಬರು ಮಾಳಪ್ಪನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು.

“ನಮ್ಮ ಸನ್ನ್ಯಾಗ ಸೈಕಲ್ ಇಲ್ರಿ,” ಎಂದ ಮಾಳಪ್ಪ ಎಲ್ಲರಿಗೂ ಕೇಳುವಂತೆ.

ಜನ ನಕ್ಕರು. ಸಾಹೇಬರೂ ನಕ್ಕು, “ಇನ್ನು ಗುಟ್ಟೇನು ಉಳಿಯಿತು? ಯಾವ ಸೈಕಲ್ ಎಂದು ಮಾತ್ರ ಬಾಯಿ ಬಿಡಬೇಡ,” ಎಂದರು.

ಮಾಳಪ್ಪ ಮಾತಿಲ್ಲದೆ ಮೂರು ಬಾರಿ ಕೋಲು ಆಡಿಸಿ, ಕೈಯನ್ನು ಕೋಡಿನಂತೆ ಬಾಗಿಸಿದ. ಕಾಶೆವ್ವ ಮರದ ಬಲಕ್ಕೆ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಕಡೆ ನಡೆದು, ಮೂರನೆಯದರ ಹ್ಯಾಂಡಲನ್ನು ಟಗರಿನ ಕೋಡು ಹಿಡಿದಂತೆ ಹಿಡಿದು, ಸಾಹೇಬರ ಮುಂದೆ ಎಳೆದುಕೊಂಡು ಬಂದು ನಿಲ್ಲಿಸಿದಳು.

“ಮೂರನೆಯದೇ,” ಎಂದರು ಸಾಹೇಬರು. “ಬರೆದುಕೊಳ್ಳಿ.”

ಆ ಸೈಕಲ್ ಎದುರಿನ ವಕೀಲರ ಗುಮಾಸ್ತನದು. ಅವನು ಹೋಗಿ ಮೆಲ್ಲಗೆ ಅದನ್ನು ತಿರುಗಿ ಜಾಗಕ್ಕೆ ಇಟ್ಟ.

ಆಮೇಲೆ ಎರಡು ತಾಸು ಅವಳು ಹೇಳಿದಳು. ತೋಳು, ಕಂಬಳಿ ಬೀಸಿದರೆ ಅಂಗಳ ಸಾಲದು ಅನಿಸುತ್ತಿತ್ತು. ಯಾವ ಕೈ ಮೊದಲು ಕಟ್ಟಿದರು, ಗಂಟು ಹಾಕಿದ್ದು ಯಾರು, ಎಷ್ಟು ಹುಣ್ಣಿಮೆ ಬೆಳಕಿಂಡಿಯಲ್ಲಿ ಬಂದು ಹೋದವು, ಒಂದೊಂದನ್ನೂ ಮಾಳಪ್ಪ ಬಾಯಿಗೆ ತಂದ, ಟೈಪಿನ ಯಂತ್ರ ಕಟಕಟ ಬರೆದುಕೊಂಡಿತು. ಕೈ ಕಟ್ಟಿದ್ದನ್ನು ಹೇಳುವಾಗ ಅವಳು ಕೋಲು ನೆಲಕ್ಕಿಟ್ಟು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಸುಮ್ಮನೆ ನಿಂತಳು. ಹಾಗೇ ನಿಂತಿದ್ದಳು.

“ಏನು ಹೇಳುತ್ತಿದ್ದಾರೆ?” ಎಂದು ಸಾಹೇಬರು ಕೇಳಿದರು.

“ಏನೂ ಹೇಳಾಕ ಬರವಲ್ದು ಅಂತ ತೋರ್ಸಾಕತ್ತಾಳ್ರಿ,” ಎಂದ ಮುದುಕ, ಕಣ್ಣು ಒರೆಸಿಕೊಂಡು.

ಚೌಗಲೆಯವರು ಆಗ ಎದ್ದು, ಮಾತು ಬರುವವನ ಬಾಯಿಗೆ ಬಟ್ಟೆ ತುರುಕುವುದೂ ಇವಳ ಕೈ ಕಟ್ಟುವುದೂ ಒಂದೇ, ಇದನ್ನು ಬರಿಯ ಹೊಡೆತವೆಂದು ಎಣಿಸಬಾರದು ಎಂದರು. ಸಾಹೇಬರು ತಾವೇ ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಪಾಟೀಸವಾಲು ಶುರುವಾಯಿತು.

“ನಿನ್ನ ಗಂಡ ಹಿರಿಯರ ಮುಂದೆ ಕಂಬಳಿ ಮುಟ್ಟಿ ಆಣೆ ಮಾಡಿದ್ದಾನೆ. ನಿಮ್ಮ ಜಾತಿಯಲ್ಲಿ ಅದಕ್ಕಿಂತ ದೊಡ್ಡದು ಇದೆಯೇ?” ಎಂದು ವಕೀಲ ಕೇಳಿದ. ಅವನ ಬತ್ತಳಿಕೆಯಲ್ಲಿ ಇದೇ ದೊಡ್ಡ ಬಾಣ.

ಮಾಳಪ್ಪ ಅದನ್ನು ಕೈಯಲ್ಲಿ ದಾಟಿಸಿದ. ಕಾಶೆವ್ವ ಕೈ ಆಡಿಸಿದಳು. ಮಾಳಪ್ಪನ ಹುಬ್ಬು ಏರಿದವು.

“ಅದು ಕಂಬಳಿನ ಅಲ್ಲ ಅಂತಾಳ್ರಿ. ಗಿರಣ್ಯಾಗ ಮಾಡಿದ ಚಾದರ, ಕರಿ ಬಣ್ಣ ಹಾಕಿದ್ದು.”

“ಒಳಗಿದ್ದವಳಿಗೆ ಅದು ಹೇಗೆ ಗೊತ್ತಾಯಿತು?”

“ನೀರು ಕೊಡಾಕ ಹೊರಗ ಬಂದಿದ್ನಿ. ಶ್ರಾವಣದ ಹನಿ ಬೀಳತಿತ್ತು. ಕಂಬಳಿ ತೊಯ್ದರ ಕುರಿ ನಾತ ಬರಬೇಕು. ಬರಲಿಲ್ಲ. ಎಣ್ಣಿ ನಾತ ಬಂತು. ಅಣ್ಣಗ ಹೇಳೂದ್ರಾಗ ನನ್ನ ಒಳಗ ಎಳದ್ರು,” ಎಂದು ಅವಳ ಮಾತನ್ನೇ ಮಾಳಪ್ಪ ಹೇಳಿದ.

ಅಂಗಳದಲ್ಲಿದ್ದ ಕುರುಬರೆಲ್ಲ ಒಟ್ಟಿಗೆ ಖಂಡೆಪ್ಪನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ. ಹಿರಿಯರಲ್ಲೊಬ್ಬ ಹಣೆ ಬಡಿದುಕೊಂಡು, “ನಾಕ ಮಂದಿ ಗಂಡಸರು ಕುಂತಿದ್ವಿ, ಒಬ್ಬರಿಗೂ ಮೂಗು ಇರಲಿಲ್ಲ ನೋಡು,” ಎಂದ. ಲಗಮಣ್ಣ ತಂಗಿಯ ಮುಖ ನೋಡಲಾರದೆ ಬೇವಿನ ಮರದ ಕಡೆ ನೋಡುತ್ತ ನಿಂತ. ಬುದ್ಧಿ ಇಲ್ಲದವಳು ಎಂಬ ವಾದವನ್ನು ವಕೀಲ ಮತ್ತೆ ಎತ್ತಲಿಲ್ಲ.

ಎರಡು ತಿಂಗಳಿಗೆ ತೀರ್ಪು ಬಂತು. ಖಂಡೆಪ್ಪನಿಗೆ ಎರಡು ವರ್ಷ ಸಜೆ, ತಾಯಿಗೆ ಆರು ತಿಂಗಳು. ಅವನ ಅರ್ಜಿಯೂ ಮುಂದೆ ಬಿದ್ದುಹೋಯಿತು. ಉಳಿದಿದ್ದ ಐದು ಕುರಿ, ಅವುಗಳ ಮರಿಗಳು ತವರಿನ ಕಿವಿ ಗುರುತಿನ ಮೇಲೆ ಅವಳ ವಶಕ್ಕೆ ಬಂದವು. ತೀರ್ಪಿನ ನಕಲು ತೆಗೆದುಕೊಟ್ಟವನು ನಾನೇ. ಅದರಲ್ಲಿ ಒಂದು ಸಾಲಿದೆ: ಈ ಸಾಕ್ಷಿಯಷ್ಟು ಸ್ಪಷ್ಟವಾಗಿ ಮಾತಾಡಿದ ಸಾಕ್ಷಿಗಳನ್ನು ಈ ನ್ಯಾಯಾಲಯ ಹೆಚ್ಚು ಕಂಡಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಎಷ್ಟೋ ಹಟ್ಟಿಗಳಲ್ಲಿ ಆ ಸಾಲನ್ನು ಓದಿಸಿ ಕೇಳಿದ್ದಾರೆ.

ಕುರಿಗಳನ್ನು ಒಪ್ಪಿಸಿದ ದಿನ ಅದೇ ಅಂಗಳದಲ್ಲಿ ಕಲ್ಯಾಣ ಇಲಾಖೆಯ ಅಧಿಕಾರಿಣಿಯೊಬ್ಬರು ಕಾಯುತ್ತಿದ್ದರು. ಒಳ್ಳೆಯ ಹೆಣ್ಣುಮಗಳು. ಅಂಗವಿಕಲರ ಮಾಸಾಶನದ ಕಾಗದ ತಂದಿದ್ದರು. ಕಾಶೆವ್ವ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಕಾಯ್ದೆ ಕೊಟ್ಟದ್ದನ್ನು ಅವಳು ಬೇಡವೆನ್ನಲಿಲ್ಲ. ಆಮೇಲೆ ಆ ಅಧಿಕಾರಿಣಿ, ಬೆಳಗಾವಿಯಲ್ಲಿ ಹೆಣ್ಣುಮಕ್ಕಳ ವಸತಿ ಇದೆ, ಊಟ ವಸತಿ ಎಲ್ಲ ಅಲ್ಲಿಯೇ, ಎಲ್ಲಿಗೆ ಹೋದರೂ ಇವರ ಪರವಾಗಿ ಮಾತಾಡಲು ಒಬ್ಬರನ್ನು ಜೊತೆಗೆ ಕೊಡುತ್ತೇವೆ ಎಂದರು.

ಲಗಮಣ್ಣ ಮುಂದೆ ಬಂದ. “ಬ್ಯಾಡ್ರಿ ಅಕ್ಕಾರ. ನನ್ನ ಮನಿ ಐತಿ. ಇನ್ನ ಮ್ಯಾಲ ಆಕಿ ಬಾಯಿ ನಾನ.”

ಮಾಳಪ್ಪ ಎರಡೂ ಮಾತನ್ನು ಅವಳಿಗೆ ದಾಟಿಸಿದ. ಕಾಶೆವ್ವ ಒಂದು ಮರಿಯನ್ನು ಕಂಕುಳಲ್ಲಿ ಹಿಡಿದಿದ್ದಳು. ಅದನ್ನು ಕೆಳಗಿಳಿಸಿದಳು, ಹತ್ತು ಹೆಜ್ಜೆ ಹಿಂದೆ ಸರಿದಳು, ಕೈ ಬೀಸಲು ಜಾಗ ಮಾಡಿಕೊಂಡಳು. ಅವಳು ಹೇಳಿದ್ದನ್ನು ಮಾಳಪ್ಪ ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದ:

“ಬ್ಯಾಡ. ಅಣ್ಣಾ, ನೀನೂ ಬ್ಯಾಡ. ನನ್ನ ಮಾತು ನಾ ಆಡೇನಿ, ಎಲ್ಲಾರೂ ಕಂಡೀರಿ. ತಿಳೀದವ್ರು ಗುಡ್ಡಕ್ಕ ಬರ್ರಿ, ಕಲಸ್ತೀನಿ. ಈಗ ಬಾಜೂ ಸರೀರಿ, ಕುರಿ ನೀರು ಕುಡದಿಲ್ಲ.”